ಎಡಗೈ ನಾಡಿ

ಹೊಸಪೇಟೆ,
5 ಅಕ್ಟೋಬರ್ 2025

ಅಪ್ಪನಿಗೆ,

ಬಂದು ಮುಟ್ಟಿದೆ, ರೂಮು ಸಿಕ್ಕಿದೆ, ಊಟಕ್ಕೆ ತೊಂದರೆಯಿಲ್ಲ. ಕಾಗದ ಒಡೆದ ಕೂಡಲೇ ನೀನು ಹುಡುಕುವುದು ಈ ಮೂರನ್ನೇ, ಅದಕ್ಕೇ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇನ್ನು ನಿಧಾನವಾಗಿ ಓದು.

ಫೋನ್ ಮಾಡಿದರೆ ನಿನಗೆ ಕೇಳುವುದಿಲ್ಲ, ಮೆಸೇಜ್ ಹಾಕಿದರೆ ನಿನ್ನ ಗುಂಡಿ ಫೋನಿನಲ್ಲಿ ಕನ್ನಡವೆಲ್ಲ ಡಬ್ಬಿ ಡಬ್ಬಿಯಾಗಿ ಕಾಣುತ್ತದೆ. ನಮ್ಮಿಬ್ಬರಿಗೆ ಕಾಗದವೇ ಗತಿ. ಸಂಡೂರು ಬಸ್ಸಿನ ಡ್ರೈವರ್ ಗಾಳೆಪ್ಪ ಕಾಕಾನನ್ನು ಕೇಳಿದೆ. "ಅಂಚಿ ಡಬ್ಬಿಗೆ ಯಾಕ ಹಾಕ್ತಿಯವ್ವ, ನನ್ನ ಕೈಯಾಗ ಕೊಡು, ಸಂಜಿಕ ನಿಮ್ಮಪ್ಪನ ಕಟ್ಟಿ ಮ್ಯಾಲ ಇರ್ತೈತಿ" ಅಂದ.

ಇಲ್ಲಿ ನಾವು ಏಳು ಹುಡುಗಿಯರು. ಬೆಳಿಗ್ಗೆ ಐದೂವರೆಗೆ ಕಾಲುವೆ ದಂಡೆಯ ಮೇಲೆ ಓಟ. ನನ್ನ ರೂಮಿನಲ್ಲಿ ಪೂಜಿತಾ ಅಂತ ಒಬ್ಬಳಿದ್ದಾಳೆ, ಕುರೆಕುಪ್ಪದವಳು, ನಿದ್ದೆಯಲ್ಲೂ ಓಡುವವಳ ಹಾಗೆ ಕಾಲು ಒದೆಯುತ್ತಾಳೆ. ನಮ್ಮ ಕೋಚ್ ಮಲ್ಲಿಕಾರ್ಜುನ್ ಸರ್ ಮೊದಲ ದಿನವೇ ಎಲ್ಲರಿಗೂ ಒಂದೊಂದು ಗಡಿಯಾರ ಕೊಟ್ಟರು. ಅಗಲ ಪಟ್ಟಿ, ಬೆನ್ನಿಗೆ ಹಸಿರು ಬೆಳಕು. ಆ ಬೆಳಕು ಮಣಿಕಟ್ಟಿನ ಚರ್ಮದ ಮೇಲೆ ಕೂತು ಎದೆಬಡಿತ ಎಣಿಸುತ್ತದೆ. ನಿಮಿಷಕ್ಕೆ ಎಷ್ಟು ಅಂತ ಓಡುತ್ತಲೇ ನೋಡಿಕೊಳ್ಳಬಹುದು, ಸಂಜೆ ಸರ್ ಫೋನಿಗೂ ಹೋಗುತ್ತದೆ. ವಾರಕ್ಕೆ ನಾಲ್ಕು ದಿನ ಬಡಿತ 145 ದಾಟಬಾರದು, ದಾಟಿದರೆ ಇಳಿಯುವ ತನಕ ನಡೆಯಬೇಕು. ಎರಡೇ ದಿನ ಜೋರು ಓಟ. ನೀನು ಟಿವಿಎಸ್ ಮೇಲೆ ಬೆನ್ನು ಹತ್ತಿ ಬಂದು "ಇನ್ನಾ ಜೋರ್, ಇನ್ನಾ ಜೋರ್" ಅಂತಿದ್ದೆ. ಇವರು "ಮೆಲ್ಲಕ ಲೇ, ಇನ್ನಾ ಮೆಲ್ಲಕ" ಅಂತಾರೆ. ಮೆಲ್ಲಗೆ ಓಡಿದ ಓಟವೇ ಎದೆಯನ್ನು ಗಟ್ಟಿ ಮಾಡುತ್ತದೆಯಂತೆ. ನನ್ನದು ಈ ವಾರ 136, 138 ಬಂತು, ಸರ್ ಖುಷಿಯಾದರು.

ಜನವರಿ 18ಕ್ಕೆ ಬಳ್ಳಾರಿಯಲ್ಲಿ ಐದು ಸಾವಿರ ಮೀಟರ್ ಆಯ್ಕೆ ಓಟ. ಮೊದಲ ಮೂವರಿಗೆ ರಾಜ್ಯದ ಶಿಬಿರದಲ್ಲಿ ಜಾಗ. ನಮ್ಮ ಏಳು ಮಂದಿಯಲ್ಲಿ ಸರ್ ಇಬ್ಬರನ್ನೇ ಕಳಿಸುತ್ತಾರೆ, ಅದೂ ಗಡಿಯಾರದ ಅಂಕಿ ನೋಡಿ. ನನಗೆ ಇಪ್ಪತ್ತಾಯಿತು. ಈ ಸಲ ಆಗದಿದ್ದರೆ ನೀನು ಹೇಳಿದ ನರ್ಸಿಂಗ್ ಫಾರ್ಮು ತುಂಬುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಮರೆತಿಲ್ಲ.

ಗಡಿಯಾರ ಬಲಗೈಗೆ ಕಟ್ಟಿದ್ದೇನೆ. ಎಡಗೈಗೆ ಎಂದಿನಂತೆ ಬೆವರುಪಟ್ಟಿ, ಹಚ್ಚೆಯ ಆ ಕಪ್ಪು ಚೌಕ ಅದರೊಳಗೇ ಇದೆ. ಪೂಜಿತಾ ಒಂದು ಸಲ ಕೇಳಿದಳು, ಸುಟ್ಟ ಕಲೆ ಅಂದೆ.

ಗುಳಿಗೆ ತಪ್ಪಿಸಬೇಡ.

ನಿನ್ನ ಮೆಲ್ಲಗೆ ಓಡುವ ಮಗಳು,
ಹೇಮಾ


ಸಂಡೂರು,
11 ಅಕ್ಟೋಬರ್ 2025

ಚಿ. ಹೇಮಾಳಿಗೆ,

ಗಾಳೆಪ್ಪ ಕಾಗದ ತಂದುಕೊಟ್ಟ. ಕೊಡುವ ಮೊದಲು ಅರ್ಧ ಓದಿದ್ದಾನೆ, ಅಂಟು ಬಿಟ್ಟಿತ್ತು. "ಮಗಳು ಭಾಳ ಚಂದ ಬರೀತಾಳ ಬಿಡು" ಅಂತ ನನ್ನ ಮುಂದೆ ಕೈ ಆಡಿಸಿ ತೋರಿಸಿದ. ಇನ್ನು ಮೇಲೆ ಸ್ಟೇಪಲ್ ಹೊಡೆದು ಕಳಿಸು.

ನಡೆಯುವುದಕ್ಕೆ ಹೊಸಪೇಟೆಗೆ ಯಾಕೆ ಹೋಗಬೇಕಿತ್ತು? ಇಲ್ಲೇ ಸಂತೆಗೆ ಹೋಗಿ ಬದನೆಕಾಯಿ ತಂದಿದ್ದರೂ ಆಗುತ್ತಿತ್ತು. ಮೂವತ್ತು ವರ್ಷ ಗಣಿಯಲ್ಲಿ ಡಂಪರ್ ಓಡಿಸಿದವನು ನಾನು. ಮೀಟರಿನ ಮುಳ್ಳನ್ನೇ ನೋಡಿಕೊಂಡು ಗಾಡಿ ಓಡಿಸುವವನಿಗೆ ರಸ್ತೆ ಕಾಣುವುದಿಲ್ಲ. ಆದರೂ ಇರಲಿ, ಕಲಿಸುವವರು ಅವರು. ಅವರ ಮಾತು ಕೇಳು, ಎದುರು ಮಾತಾಡಬೇಡ, ಆ ಗುಣ ನನ್ನ ಒಬ್ಬನ ಹತ್ತಿರ ಇಟ್ಟುಕೋ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಓದು. ಬೆವರುಪಟ್ಟಿ ಒದ್ದೆಯಾದರೆ ಜಾರುತ್ತದೆ. ಒಂದೇ ರೂಮಿನಲ್ಲಿ ಹುಡುಗಿಯರು ಇರುತ್ತೀರಿ, ಮುಖ ತೊಳೆಯುವಾಗ, ಬಟ್ಟೆ ಒಗೆಯುವಾಗ ಯಾರಾದರೂ ನೋಡೇ ನೋಡುತ್ತಾರೆ. ಇದರ ಕೆಳಗೆ ಏನಿತ್ತು ಅಂತ ಕೇಳುತ್ತಾರೆ. ಒಂದು ಹೇಳಿದರೆ ಹತ್ತು ಹೇಳಬೇಕಾಗುತ್ತದೆ. ಗಡಿಯಾರದ ಪಟ್ಟಿ ಅಗಲ ಇದೆ ಅಂತ ನೀನೇ ಬರೆದಿದ್ದೀಯ. ಅದನ್ನು ಎಡಗೈಗೆ ಕಟ್ಟು. ಮಲಗುವಾಗಲೂ ಬಿಚ್ಚಬೇಡ. ನಮ್ಮ ಮನೆಯ ಸಂಗತಿ ಕಾಲುವೆ ದಂಡೆಯ ಮೇಲೆ ಬೇಡ.

ಗುಳಿಗೆ ನುಂಗುತ್ತಿದ್ದೇನೆ.

ನಿನ್ನ ಅಪ್ಪ,
ಜಡೆಪ್ಪ


ಹೊಸಪೇಟೆ,
2 ನವೆಂಬರ್ 2025

ಅಪ್ಪನಿಗೆ,

ದೀಪಾವಳಿಗೆ ಬರಲಿಲ್ಲ ಅಂತ ಸಿಟ್ಟಾಗಿದ್ದೀಯ, ಗೊತ್ತು. ನನ್ನ ಸ್ಥಿತಿ ಕೇಳು, ಆಮೇಲೆ ಬೈ.

ನೀನು ಹೇಳಿದ ದಿನವೇ ಗಡಿಯಾರ ಎಡಗೈಗೆ ಬಂತು. ಅದೇ ವಾರ ಸರ್ ನಮ್ಮ ಓಟವನ್ನು ಕಾಲುವೆ ದಂಡೆಯಿಂದ ಕಮಲಾಪುರದ ಕಡೆ, ಹಂಪಿ ರಸ್ತೆಗೆ ಬದಲಾಯಿಸಿದರು. ಏರು ಇಳಿವು ಇರುವ ರಸ್ತೆ. ಆವತ್ತಿನಿಂದ ನನ್ನ ಅಂಕಿ ಕೆಟ್ಟಿದೆ. 172, 176, 178. ಮೊದಲು ಏರಿನಿಂದ ಅಂದುಕೊಂಡೆ. ಆದರೆ ಬಾಳೆತೋಟಗಳ ನಡುವೆ ರಸ್ತೆ ಅಂಗೈಯಷ್ಟು ಸಮ ಇರುವಲ್ಲೂ ಅದೇ 178. ಉಸಿರು ಕಟ್ಟುವುದಿಲ್ಲ, ಪೂಜಿತಾ ಜೊತೆ ಹರಟೆ ಹೊಡೆಯುತ್ತಾ ಓಡಬಲ್ಲೆ. ಕೆಳಗೆ ನೋಡಿದರೆ ಮುಳ್ಳು ಚುಚ್ಚಿದಂತೆ 178. ಕೂತಾಗ ಒಮ್ಮೊಮ್ಮೆ ಅಂಕಿಯೇ ಬರುವುದಿಲ್ಲ, ಎರಡು ಗೀಟು ತೋರಿಸುತ್ತದೆ.

ನಿಯಮದ ಪ್ರಕಾರ ನಡೆಯುತ್ತೇನೆ. ನಡೆದರೆ 110ಕ್ಕೆ ಇಳಿಯುತ್ತದೆ, ಎರಡು ಹೆಜ್ಜೆ ಓಡಿದರೆ ಮತ್ತೆ ಮೇಲೆ. ಉಳಿದ ಆರು ಜನ ತಿರುವಿನಲ್ಲಿ ಮರೆಯಾಗುತ್ತಾರೆ. ಮೊನ್ನೆ ಬಾಳೆಗೊನೆ ಹೊತ್ತ ಮುದುಕಿಯೊಬ್ಬಳು ನನ್ನನ್ನು ದಾಟಿ ಹೋದಳು. "ಯಾಕವ್ವ, ಕಾಲು ಉಳುಕೈತೇನು?" ಅಂತ ಕೇಳಿದಳು. ಹೌದು ಅಂದೆ.

ಸಂಜೆ ಸರ್ ಎಲ್ಲರ ಮುಂದೆ ಕೇಳಿದರು: "ಹೇಮಾ, ಯಾರ ಜೊತಿ ರೇಸ್ ಹಚ್ಚೀದಿ? ಮೆಲ್ಲಕ ಓಡು ಅಂದ್ರ ಮೆಲ್ಲಕ ಓಡಬೇಕು. ನನ್ನ ಕಣ್ಣಿಗೆ ಮಣ್ಣು ಹಾಕಬ್ಯಾಡ." ನಾನು ಸುಳ್ಳಿ ಆದೆ. ಓಡದೆ ಇರುವವಳನ್ನು ಓಡಿದಳು ಅಂತ ಬೈದರೆ ಏನು ಮಾಡಬೇಕು, ಅಪ್ಪ?

ಹಬ್ಬಕ್ಕೆ ಬಂದು ಒಂದು ದಿನ ತಪ್ಪಿಸಿದರೂ ನನ್ನ ಹೆಸರು ಹೋಗುತ್ತದೆ ಅನ್ನಿಸಿತು. ಅಷ್ಟೇ ಕಾರಣ.

ಹೇಮಾ


ಸಂಡೂರು,
8 ನವೆಂಬರ್ 2025

ಚಿ. ಹೇಮಾಳಿಗೆ,

ಸಿಟ್ಟಿಲ್ಲ. ಕರಿಗಡುಬು ಮಾಡಿಸಿದ್ದೆ, ಪಕ್ಕದ ಮನೆಯವರು ತಿಂದರು.

ನಿನ್ನ ಕಾಗದ ಎರಡೆರಡು ಸಲ ಓದಿದೆ. ಸುಳ್ಳು ಹೇಳುವುದಿಲ್ಲ, ಹೆದರಿದೆ. ಆದರೆ ಒಂದು ಕೆಲಸ ಮಾಡು. ಓಡುತ್ತಾ ಓಡುತ್ತಾ ಗಕ್ಕನೆ ನಿಲ್ಲು. ದವಡೆಯ ಕೆಳಗೆ ಎರಡು ಬೆರಳು ಇಡು, ನಾನು ಇಡುತ್ತಿದ್ದ ಜಾಗದಲ್ಲೇ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸು. ನೀನು ಹನ್ನೆರಡು ವರ್ಷದವಳಿದ್ದಾಗಿನಿಂದ ನಾರಿಹಳ್ಳದ ರಸ್ತೆಯಲ್ಲಿ ಹಾಗೆಯೇ ಎಣಿಸಿದ್ದೇನೆ, ಒಮ್ಮೆಯೂ ಹೆಚ್ಚು ಕಡಿಮೆ ಆಗಿಲ್ಲ. ಬಂದ ಅಂಕಿಯನ್ನು ಸರ್‌ಗೆ ಹೇಳು. ಬೆರಳು ಹೇಳಿದ್ದನ್ನು ನಂಬದವರು ಇನ್ನೇನನ್ನು ನಂಬುತ್ತಾರೆ?

ಎದೆಯಲ್ಲಿ ನೋವು, ಕಣ್ಣು ಮಂಜು, ಏನಾದರೂ ಇದ್ದರೆ ಮುಚ್ಚಿಡಬೇಡ. ನನ್ನ ಆಣೆ.

ಜಡೆಪ್ಪ


ಹೊಸಪೇಟೆ,
23 ನವೆಂಬರ್ 2025

ಅಪ್ಪನಿಗೆ,

ಎಣಿಸಿದೆ. ಹದಿನೈದು ಸೆಕೆಂಡಿಗೆ 34. ಅಂದರೆ 136. ಗಡಿಯಾರದಲ್ಲಿ ಅದೇ ಹೊತ್ತಿಗೆ 177.

ಕುಣಿಯುತ್ತಾ ಹೋಗಿ ಸರ್‌ಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ನಿಂತ ಕೂಡಲೇ ಎದಿ ಇಳೀತೈತವ್ವ. ನಿಂತ ಎಣಿಸಿದ್ದು ಓಡೂ ಬಡಿತ ಅಲ್ಲ." ಆದರೂ ನನ್ನ ಮುಖ ನೋಡಿ ಕರಗಿದರು ಅನ್ನಿಸುತ್ತದೆ. ಮರುದಿನ ಒಂದು ಪರೀಕ್ಷೆ ಮಾಡಿದರು. ಪೂಜಿತಾಳ ಗಡಿಯಾರ ನನಗೆ, ನನ್ನದು ಅವಳಿಗೆ. ಇಬ್ಬರೂ ಹೆಗಲಿಗೆ ಹೆಗಲು ಸೇರಿಸಿ ಹಂಪಿಯ ತನಕ ಓಡಿದೆವು. ನನ್ನ ಗಡಿಯಾರ ಅವಳ ಕೈಯಲ್ಲಿ 139 ತೋರಿಸಿತು. ಅವಳ ಗಡಿಯಾರ ನನ್ನ ಕೈಯಲ್ಲಿ 181.

ಸರ್ ಬೈಯಲಿಲ್ಲ. ಅದೇ ನನಗೆ ಹೆದರಿಕೆ ತಂದಿತು. ಹೇಮಕೂಟ ಗುಡ್ಡದ ಕೆಳಗೆ ಬೈಕಿಗೆ ಒರಗಿ ನಿಂತಿದ್ದರು. "ಗಡಿಯಾರ ಸರಿ ಐತಿ ಹೇಮಾ. ಇನ್ನ ಓಡಬ್ಯಾಡ. ಕುಂದ್ರು, ನೀರು ಕುಡಿ" ಅಂದರು. ಇಷ್ಟು ಮೆತ್ತಗೆ ಅವರು ಯಾರ ಜೊತೆಗೂ ಮಾತಾಡಿದ್ದು ನಾನು ಕೇಳಿಲ್ಲ.

ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಮಲಗಿಸಿ ತೆಗೆದ ಇಸಿಜಿ ಸರಿಯಾಗಿದೆ. ಆದರೆ ಓಡುವಾಗ ಏನಾಗುತ್ತದೋ ಅದನ್ನು ಎದೆಗೆ ತಂತಿ ಹಚ್ಚಿ, ಯಂತ್ರದ ಮೇಲೆ ಓಡಿಸಿಯೇ ನೋಡಬೇಕಂತೆ. ಬಳ್ಳಾರಿಯಲ್ಲಿ ಅದಕ್ಕೆ ಜನವರಿ 6ರ ದಿನ ಸಿಕ್ಕಿದೆ. ಅಲ್ಲಿಯ ತನಕ ಓಟ ಪೂರ್ತಿ ಬಂದ್. 6ಕ್ಕೆ ಸರಿ ಅಂದರೂ 18ಕ್ಕೆ ಹೇಗೆ ಓಡಲಿ? ಆರು ವಾರ ಕೂತ ಕಾಲುಗಳು ಅವು.

ಅಪ್ಪ, ನನಗೆ ಹೆದರಿಕೆಯಾಗುತ್ತಿದೆ. ಮಲಗಿದಾಗ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತೇನೆ. ಒಂದು ಬಡಿತ ಆದ ಮೇಲೆ ಮುಂದಿನದು ಬರುತ್ತದೋ ಇಲ್ಲವೋ ಅಂತ ಕಾಯುತ್ತೇನೆ. ಬೇಗ ಬರೆ.

ಹೇಮಾ


ಸಂಡೂರು,
27 ನವೆಂಬರ್ 2025

ಚಿ. ಹೇಮಾಳಿಗೆ,

ಡಾಕ್ಟರ್ ಹೇಳಿದಂತೆ ಕೇಳು. ನಿನ್ನ ಎದೆಗೆ ಏನೂ ಆಗಿಲ್ಲ, ಹೆದರಬೇಡ. ಓಟ ಇಲ್ಲದಿದ್ದರೆ ಮನೆಗೆ ಬಂದುಬಿಡು. ನರ್ಸಿಂಗ್ ಫಾರ್ಮು ತರಿಸಿ ಇಟ್ಟಿದ್ದೇನೆ.

ಜಡೆಪ್ಪ


ಹೊಸಪೇಟೆ,
7 ಡಿಸೆಂಬರ್ 2025

ಅಪ್ಪನಿಗೆ,

ನಾಲ್ಕು ಸಾಲು. ನಾನು ಸಾಯುತ್ತೇನೋ ಬದುಕುತ್ತೇನೋ ಅಂತ ಬರೆದದ್ದಕ್ಕೆ ನಾಲ್ಕು ಸಾಲು! ಡಂಪರಿನ ಟೈರು ಸವೆದ ಕಥೆಯನ್ನು ನೀನು ನಾಲ್ಕು ಪುಟ ಬರೆದವನು.

ಎದೆಗೆ ಏನೂ ಆಗಿಲ್ಲ ಅಂತ ನಿನಗೆ ಹೇಗೆ ಗೊತ್ತು? ಡಾಕ್ಟರಿಗೇ ಗೊತ್ತಿಲ್ಲ. ಸಮಾಧಾನಕ್ಕೆ ಹೇಳಿದೆಯಾ, ಇಲ್ಲ ಫಾರ್ಮು ತುಂಬಿಸುವ ಅವಸರಕ್ಕೆ ಹೇಳಿದೆಯಾ? ನಾನು ಸೋತು ಮನೆಗೆ ಬರುವುದೇ ನಿನಗೆ ಬೇಕಿತ್ತೇನೋ ಅನ್ನಿಸುತ್ತಿದೆ. ಹಾಗಿದ್ದರೆ ಹೇಳಿಬಿಡು.

ದಿನಾ ಬೆಳಿಗ್ಗೆ ಕಾಲುವೆ ಸೇತುವೆಯ ಮೇಲೆ ಕೂತು ಉಳಿದವರ ಟವೆಲ್ಲು, ನೀರಿನ ಬಾಟಲಿ ಕಾಯುತ್ತೇನೆ. ಎರಡನೇ ಹೆಸರು ಯಾರದು ಅಂತ ಆಗಲೇ ಮಾತು ಶುರುವಾಗಿದೆ. ನನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ಕರುಣೆಯಿಂದ.

ಇನ್ನೊಂದು. ಆವತ್ತು ಡಾಕ್ಟರ್ ಕೇಳಿದರು: "ಅಪ್ಪನ ಕಡೆ, ಅವ್ವನ ಕಡೆ ಯಾರಿಗರ ಎದಿ ಬ್ಯಾನಿ ಇತ್ತೇನು? ಸಣ್ಣ ವಯಸ್ಸಿನಾಗ ಯಾರರ ಹೋಗ್ಯಾರೇನು?" ಅಪ್ಪನ ಕಡೆ ಇಲ್ಲ ಅಂದೆ. ಅವ್ವನ ಕಡೆ ಗೊತ್ತಿಲ್ಲ ಅಂದೆ. ಅವರು ಪೆನ್ನು ಎತ್ತಿ ನನ್ನನ್ನೇ ನೋಡಿದರು. ಅವಳು ಮನೆ ಬಿಟ್ಟು ಹೋದಾಗ ನನಗೆ ಒಂಬತ್ತು. ನನ್ನನ್ನು ಬಿಟ್ಟು ಹೋದಳು ಅನ್ನುವುದು ಬಿಟ್ಟರೆ ಅವಳ ಬಗ್ಗೆ ನೀನು ನನಗೆ ಏನು ಹೇಳಿದ್ದೀಯ? ಅವಳ ಅಪ್ಪ ಇದ್ದಾನೋ, ಅಣ್ಣ ತಮ್ಮ ಇದ್ದಾರೋ, ಅವರ ಎದೆ ಹೇಗಿದೆಯೋ, ಒಂದೂ ಗೊತ್ತಿಲ್ಲ. ನನ್ನ ರಕ್ತದಲ್ಲಿ ಅರ್ಧ ಯಾರದು ಅಂತ ಕೇಳುವ ಹಕ್ಕು ನನಗಿಲ್ಲವಾ?

ಉತ್ತರ ಬೇಕು. ನಾಲ್ಕು ಸಾಲು ಬೇಡ.

ಹೇಮಾ


ಸಂಡೂರು,
16 ಡಿಸೆಂಬರ್ 2025

ಹೇಮಾ,

ಗಡಿಯಾರ ಬಿಚ್ಚಿ ಬಲಗೈಗೆ ಕಟ್ಟು. ಉಳಿದದ್ದನ್ನು ಆಮೇಲೆ ಓದು. ಮೊದಲು ಆ ಕೆಲಸ ಮಾಡು.

ನಿನ್ನ ನವೆಂಬರ್ 23ರ ಕಾಗದ ಬಂದ ದಿನ ನನಗೆ ಕೂರಲಾಗಲಿಲ್ಲ. ಬಸ್ ನಿಲ್ದಾಣದ ಹತ್ತಿರ ಮಲ್ಲೇಶನ ಮೊಬೈಲ್ ಅಂಗಡಿ ಇದೆಯಲ್ಲ, ಅಂಥ ಗಡಿಯಾರ ಅವನೂ ಮಾರುತ್ತಾನೆ. ನಿನ್ನ ಕಾಗದ ತೋರಿಸಿ, ಇದು ಯಾಕೆ ಹೀಗೆ ಅಂತ ಕೇಳಿದೆ. ಅವನು ಓದಿ, ಒಂದು ಚೀಟಿಯಲ್ಲಿ ಬರೆದು ತೋರಿಸಿದ: "ಕಾಕಾ, ಅಕಿ ಕೈ ಮ್ಯಾಲ ಹಚ್ಚಿ ಐತೇನು? ಹಸರ ಬೆಳಕು ಚರ್ಮದಾಗ ಇಳದು ರಕ್ತ ನೋಡ್ತೈತಿ. ದಪ್ಪ ಹಚ್ಚಿ ಇದ್ರ ಒಳಗ ಹೋಗಂಗಿಲ್ಲ, ತಪ್ಪು ತೋರಿಸ್ತೈತಿ."

ನಾನು ಇಲ್ಲ ಅಂದೆ. ಅಂಗಡಿಯಲ್ಲಿ ನಿಂತು, ಅವನ ಮುಖ ನೋಡಿ, ಇಲ್ಲ ಅಂದೆ. ಚೀಟಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಅದು ನವೆಂಬರ್ 27. ಅವತ್ತು ನಿನಗೆ ಬರೆದದ್ದು ಆ ನಾಲ್ಕು ಸಾಲು. ಇವತ್ತಿಗೆ ಹತ್ತೊಂಬತ್ತು ದಿನ. ಅಷ್ಟು ದಿನವೂ ನಿನ್ನ ಎದೆಗೆ ಏನೂ ಆಗಿಲ್ಲ ಅಂತ ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ನೀನು ಕೈ ತೋರಿಸಬೇಕು. ತೋರಿಸಿದರೆ ಅವರು ಕೇಳುತ್ತಾರೆ. ನೀನು ಅವಳ ಹೆಸರು ಹೇಳುತ್ತೀಯ. ಹನ್ನೊಂದು ವರ್ಷ ಆ ಹೆಸರು ಈ ಮನೆಯಲ್ಲಿ ಬರದಂತೆ ನೋಡಿಕೊಂಡಿದ್ದೇನೆ. ನೀನು ಸೋತು ಬಂದರೂ ಅಡ್ಡಿಯಿಲ್ಲ, ಹೆಸರು ಬರುವುದು ಬೇಡ ಅನ್ನಿಸಿತು. ನೀನು ಕೇಳಿದೆಯಲ್ಲ, ನಾನು ಸೋಲುವುದೇ ನಿನಗೆ ಬೇಕಿತ್ತೇನೋ ಅಂತ. ಅದನ್ನು ಓದಿದ ಮೇಲೂ ಒಂಬತ್ತು ದಿನ ಸುಮ್ಮನಿದ್ದೆ. ನಾನು ಎಂಥವನು ಅಂತ ನನಗೇ ಅಸಹ್ಯವಾಗಿದೆ.

ಕೈಯ ಸಂಗತಿ ನಿನಗೆ ಅರ್ಧ ನೆನಪಿದೆ, ಅರ್ಧ ನಾನು ಹೇಳಬೇಕು. ನಿನಗೆ ಎಂಟು ತುಂಬಿದಾಗ ಹಚ್ಚೆ ಹಾಕುವವಳನ್ನು ಅವಳು ಮನೆಗೇ ಕರೆಸಿದಳು. ನಿನ್ನ ಮಣಿಕಟ್ಟಿನ ಮೇಲೆ ತನ್ನ ಹೆಸರು ಬರೆಸಿದಳು, ತನ್ನ ಮಣಿಕಟ್ಟಿನ ಮೇಲೆ ನಿನ್ನದು. ಮರುವರ್ಷ ನಿನ್ನನ್ನು ತನ್ನ ತವರಿನಲ್ಲಿ ಓದಿಸಬೇಕು ಅಂತ ಹಟ ಹಿಡಿದಳು. ನಾನು ಒಲ್ಲೆ ಅಂದೆ. ಮಾತಿಗೆ ಮಾತು ಬೆಳೆಯಿತು, ನಾನು ಕೈ ಎತ್ತಿದೆ. ಒಂದು ಸಲ ಅಲ್ಲ. ಅವಳು ಹೋದಳು. ಆದರೆ ನಿನ್ನನ್ನು ಬಿಟ್ಟು ಹೋದಳು ಅಂತ ನಾನು ಹೇಳಿದ್ದು ಸುಳ್ಳು. "ಎಂಟು ದಿನಕ್ಕ ಬಂದು ಮಗಳ್ನ ಕರಕೊಂಡು ಹೋಗ್ತೀನಿ" ಅಂತ ಹೇಳಿಯೇ ಹೋದಳು.

ಎಂಟನೇ ದಿನ ಬಂದಳು. ಮಧ್ಯಾಹ್ನ, ನೀನು ಶಾಲೆಯಲ್ಲಿದ್ದೆ. ಬಾಗಿಲು ತಟ್ಟಿದಳು. ತಟ್ಟುತ್ತಲೇ ಇದ್ದಳು. ಆಗ ನನ್ನ ಕಿವಿ ಚೆನ್ನಾಗಿಯೇ ಇದ್ದವು. ಒಳಗೆ ಗೋಡೆಗೆ ಒರಗಿ ಕೂತಿದ್ದೆ, ತೆಗೆಯಲಿಲ್ಲ. ಆಮೇಲೆ ಇನ್ನೊಂದು ಸಲ ಬಂದಳು, ಆಗಲೂ ತೆಗೆಯಲಿಲ್ಲ. ಅದೇ ತಿಂಗಳು ನಿನ್ನನ್ನು ಕುರೆಕುಪ್ಪಕ್ಕೆ ಕರೆದುಕೊಂಡು ಹೋಗಿ, ಯಂತ್ರದ ಹಚ್ಚೆಯವನ ಮುಂದೆ ಕೂರಿಸಿ, ಹೆಸರು ಕಾಣದಂತೆ ಕಪ್ಪು ತುಂಬಿಸಿದೆ. ಅವನು "ಸಣ್ಣ ಹುಡುಗಿ ಅಣ್ಣ, ಭಾಳ ಉರಿತೈತಿ, ಬ್ಯಾಡ" ಅಂದ. ನೀನು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೂತಿದ್ದೆ.

ಈಗ ಆ ಕಪ್ಪೇ ನಿನ್ನ ಓಟಕ್ಕೆ ಅಡ್ಡ ನಿಂತಿದೆ. ನಾನು ತುಂಬಿಸಿದ್ದು, ಅದರ ಮೇಲೆ ಗಡಿಯಾರ ಕಟ್ಟಿಸಿದ್ದೂ ನಾನೇ. ಸರ್‌ಗೆ ಈ ಕಾಗದವನ್ನೇ ತೋರಿಸು. ನನಗೆ ನಾಚಿಕೆ ಆಗುತ್ತದೆ ಅಂತ ಯೋಚಿಸಬೇಡ.

ಅವಳು ಎಲ್ಲಿದ್ದಾಳೆ ಅಂತ ನನಗೆ ಗೊತ್ತು. ಬರೆಯಲು ಕೈ ಬರುತ್ತಿಲ್ಲ.

ಜಡೆಪ್ಪ


ಹೊಸಪೇಟೆ,
21 ಡಿಸೆಂಬರ್ 2025

ಜಡೆಪ್ಪನವರಿಗೆ,

ಗುರುವಾರ ಬೆಳಿಗ್ಗೆ ಕಾಲುವೆ ಸೇತುವೆಯ ಮೇಲೆ ಎಲ್ಲರ ಮುಂದೆ ಎಡಗೈ ಚಾಚಿದೆ. ಸರ್ ಹಿಡಿದು ನೋಡಿದರು, ಹೆಬ್ಬೆರಳಿನಿಂದ ಆ ಚೌಕ ಉಜ್ಜಿದರು. ಆಮೇಲೆ ಗಡಿಯಾರವನ್ನು ತಾವೇ ನನ್ನ ಬಲಗೈಗೆ ಕಟ್ಟಿದರು. "ಓಡು" ಅಂದರು. ಎರಡು ಕಿಲೋಮೀಟರ್ ಹೋಗಿ ಬಂದೆ. 141. ಇಷ್ಟು ದಿನ ಕೂತು ಬಂದದ್ದಕ್ಕೆ ಅಷ್ಟು.

ಸರ್ ಸೇತುವೆಯ ಕಲ್ಲಿನ ಮೇಲೆ ಕೂತುಬಿಟ್ಟರು. "ನೂರಾ ಎಪ್ಪತ್ತೆಂಟು ಎದಿ ಅಲ್ಲ ಲೇ, ನಿನ್ನ ಹೆಜ್ಜಿ. ರಕ್ತ ಕಾಣಲಿಲ್ಲ ಅಂದ್ರ ಈ ಗಡಿಯಾರ ಕೈ ಅಲುಗೂದನ್ನ ಎಣಿಸ್ತೈತಿ. ನಾ ಯಾಕ ಒಂದು ಸಲ ಕೈ ಬಿಚ್ಚಿ ನೋಡಲಿಲ್ಲ?" ಅಂದರು. ಅವರು ತಮ್ಮನ್ನು ಬೈದುಕೊಂಡರು. ಕೈ ಮುಚ್ಚಿಕೊಂಡವಳು ನಾನು, ಮುಚ್ಚಿಸಿದವರು ನೀವು, ಅವರದ್ದೇನು ತಪ್ಪು?

ಪೂಜಿತಾ ಕೇಳಿದಳು: "ಇದರ ಕೆಳಗ ಏನಿತ್ತ?" ನಮ್ಮವ್ವನ ಹೆಸರು ಅಂದೆ. ಏನು ಹೆಸರು ಅಂದಳು. ಹೇಳಿದೆ. ಭೂಮಿ ಬಾಯಿ ಬಿಡಲಿಲ್ಲ. "ಚಂದ ಐತಿ" ಅಂದು ಶೂ ದಾರ ಕಟ್ಟಿಕೊಂಡಳು. ಹನ್ನೊಂದು ವರ್ಷ ನಾವು ಹೆದರಿದ್ದು ಇಷ್ಟಕ್ಕೆ.

ಬಳ್ಳಾರಿಯ ಯಂತ್ರದ ಪರೀಕ್ಷೆಯನ್ನು ಡಾಕ್ಟರ್ ಮುಂಚೆಯೇ, ಇದೇ 29ಕ್ಕೆ ಗೊತ್ತು ಮಾಡಿಕೊಟ್ಟಿದ್ದಾರೆ. ಜನವರಿ 4ಕ್ಕೆ ನಮ್ಮಲ್ಲೇ ಮೂರು ಸಾವಿರ ಮೀಟರ್ ಓಟ, ಮೊದಲ ಇಬ್ಬರು ಬಳ್ಳಾರಿಗೆ. ಅಂಕಿ ನೋಡಿ ಆರಿಸುವುದನ್ನು ಸರ್ ಈ ಸಲ ಬಿಟ್ಟಿದ್ದಾರೆ.

18 ಮುಗಿಯುವ ತನಕ ನನಗೆ ಬರೆಯಬೇಡಿ. ನೀವು ಅಂತ ಬರೆಯುತ್ತಿದ್ದೇನೆ, ಗಮನಿಸಿರುತ್ತೀರಿ.

ಹೇಮಾ


ಸಂಡೂರು,
14 ಜನವರಿ 2026

ಹೇಮಾ,

ಇದು ಕಾಗದ ಅಲ್ಲ, ಡಬ್ಬಿಯ ಮೇಲಿನ ಚೀಟಿ. ಸಂಕ್ರಮಣದ ಶೇಂಗಾ ಹೋಳಿಗೆ ಇವೆ, ಪೂಜಿತಾಗೂ ಕೊಡು. ಗಾಳೆಪ್ಪ ನಾಲ್ಕು ತಿಂದಿದ್ದರೆ ನನ್ನನ್ನು ಕೇಳಬೇಡ. ನಾಲ್ಕನೇ ತಾರೀಖಿನ ಓಟದಲ್ಲಿ ನೀನೇ ಮೊದಲು ಬಂದೆ ಅಂತ ಅವನೇ ಹೇಳಿದ.

ಜ.


ಹೊಸಪೇಟೆ,
19 ಜನವರಿ 2026

ಅಪ್ಪನಿಗೆ,

ನಾಲ್ಕನೆಯವಳಾದೆ. ಮೂರನೆಯವಳಿಗೂ ನನಗೂ ನಡುವೆ ಎರಡು ಸೆಕೆಂಡು.

ಯಂತ್ರದ ಮೇಲೆ ಓಡಿಸಿ ಎದೆ ಸರಿಯಾಗಿದೆ ಅಂದಿದ್ದರು, ಹೆದರಿಕೆ ಇರಲಿಲ್ಲ. ಸರ್ ಹೇಳಿದಂತೆ ಮೊದಲ ಎರಡು ಸಾವಿರ ಮೀಟರ್ ಬಡಿತವನ್ನು 172 ದಾಟಲು ಬಿಡಲಿಲ್ಲ. ಉಳಿದವರು ಮುಂದೆ ಹೋದರು, ಹೋಗಲಿ ಅಂದೆ. ಮೂರನೇ ಸಾವಿರದಲ್ಲಿ ಒಬ್ಬೊಬ್ಬರನ್ನೇ ಹಿಡಿದೆ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಮೂರನೆಯವಳ ಬೆನ್ನ ಹಿಂದೆ ಇದ್ದೆ, ಅವಳ ಉಸಿರು ಕೇಳುತ್ತಿತ್ತು, ನನ್ನದಕ್ಕಿಂತ ಕೆಟ್ಟಿತ್ತು. ಹೋಗು ಅಂದೆ ಕಾಲಿಗೆ. ಹೋಗಲಿಲ್ಲ. ಎದೆ ಕೇಳಿದಷ್ಟೂ ಕೊಟ್ಟಿತು, ಕಾಲಲ್ಲಿ ಇರಲಿಲ್ಲ. ಕೂತು ಕಳೆದ ದಿನಗಳು ಅಲ್ಲಿ ಬೇಕಾಗಿದ್ದವು.

ಅದರಲ್ಲಿ ಹತ್ತೊಂಬತ್ತು ದಿನ ನಿನ್ನ ಜೇಬಿನಲ್ಲಿದ್ದವು. ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದಾಗ ಅದನ್ನೇ ನೆನೆಸಿ ಅತ್ತೆ. ಸೋತದ್ದಕ್ಕೆ ಅಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮರೆಯುತ್ತಿದ್ದೆ. ನೀನು ನನ್ನ ಓಟವನ್ನು ನನಗಿಂತ ಮೊದಲು ಕಂಡವನು.

ಫಾರ್ಮು ತುಂಬುವುದಿಲ್ಲ. ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಆಗಸ್ಟ್‌ನಲ್ಲಿ ಇನ್ನೊಂದು ಆಯ್ಕೆ ಓಟ ಇದೆ, ಸರ್ ಉಳಿಸಿಕೊಂಡಿದ್ದಾರೆ.

ನೀನು ಕ್ಷಮೆ ಕೇಳುತ್ತೀಯ ಅಂತ ಗೊತ್ತು. ಕೇಳಬೇಡ, ಅದನ್ನು ಏನು ಮಾಡಬೇಕು ಅಂತ ನನಗೆ ತಿಳಿಯದು. ನನಗೆ ವಿಳಾಸ ಬೇಕು. ಅದರ ಮೇಲೆ ಹೆಸರೂ ಬೇಕು. ಇಷ್ಟು ಕಾಗದಗಳಲ್ಲಿ ನೀನು "ಅವಳು" ಅಂತಲೇ ಬರೆದೆ, ನಿನ್ನ ಹೆದರಿಕೆಗೆ ನಾನೂ ಹಾಗೆಯೇ ಬರೆದೆ. ಇಲ್ಲೂ ನಾನು ಬರೆಯುವುದಿಲ್ಲ. ಅಳಿಸಿದವನು ನೀನು, ನೀನೇ ಬರೆ.

ಅದು ಬರದಿದ್ದರೆ ಗಾಳೆಪ್ಪ ಕಾಕಾನ ಕೈಯಲ್ಲಿ ಬೇರೇನನ್ನೂ ಕಳಿಸಬೇಡ.

ಹೇಮಾ


ಸಂಡೂರು,
24 ಜನವರಿ 2026

ಹೇಮಾ,

ವಿಳಾಸ ಹಳೆಯದು, ಸರಿ ಇದೆಯೋ ಇಲ್ಲವೋ ಅಂತ ಗುರುವಾರ ಕಂಪ್ಲಿಗೆ ಹೋಗಿ ಬಂದೆ. ಮನೆ ಸಿಕ್ಕಿತು. ಬಾಗಿಲು ತೆರೆದಳು. ಏನೇನೋ ಅಂದಳು, ಬಹಳ ಹೊತ್ತು ಅಂದಳು, ನನಗೆ ಒಂದೂ ಕೇಳಲಿಲ್ಲ. ಕಿವಿ ಮುಟ್ಟಿ ತೋರಿಸಿದೆ. ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ತಂದಳು.

ನಾನು ಮೊದಲು ನಿನ್ನ ಡಾಕ್ಟರ್ ಕೇಳಿದ್ದನ್ನು ಬರೆದೆ. ಅವಳ ಕಡೆ ಯಾರಿಗೂ ಎದೆಯ ಕಾಯಿಲೆ ಇಲ್ಲ. ಅವಳ ಅಪ್ಪ ಎಂಬತ್ತು ದಾಟಿ ಹೋದನಂತೆ. ಆಮೇಲೆ ಅವಳು ನೋಟ್‌ಬುಕ್ಕು ಎಳೆದುಕೊಂಡು ಬರೆದಳು: "ಪೇಪರಿನಾಗ ಅಕಿ ಹೆಸರು ನೋಡಿ ಓಟದ ದಿನ ಬಳ್ಳಾರಿಗೆ ಹೋಗಿದ್ದೆ. ಹಿಂದಿನ ಮೆಟ್ಟಲ ಮ್ಯಾಲ ಕುಂತಿದ್ದೆ. ಕಡೀ ಸುತ್ತಿನಾಗ ಅಕಿ ಹೆಸರು ಕೂಗಿದೆ. ಅಕಿಗೆ ಕೇಳಿಸಿತಂತೇನು?"

ನನಗೆ ಗೊತ್ತಿಲ್ಲ ಅಂತ ಬರೆದೆ. ಅದನ್ನು ನೀನೇ ಹೋಗಿ ಹೇಳಬೇಕು.

ಹಂಪಮ್ಮ,
ಅಕ್ಕಿ ಗಿರಣಿ ಹಿಂದಿನ ಓಣಿ, ಮೂರನೇ ಮನೆ,
ಕೋಟೆ, ಕಂಪ್ಲಿ.

ಸೋಮವಾರ ಗಿರಣಿಗೆ ರಜೆ, ಹಂಪಮ್ಮ ಮನೆಯಲ್ಲೇ ಇರುತ್ತಾಳೆ.

ಜಡೆಪ್ಪ